ಗಿಟಾರಿಗೂ ಬೇಸಿಗೂ ಒಂದೇ ಆ್ಯಂಪ್ ಆದೀತೆ?

ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯಲ್ಲಿ ಅತಿ ಹೆಚ್ಚು ನಕಲಾದ ಆ್ಯಂಪ್ಲಿಫೈಯರ್‌ಗಳಲ್ಲಿ ಒಂದನ್ನು ಗಿಟಾರಿಗೆಂದು ಮಾಡಿರಲೇ ಇಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಹೊಸ ವಾದ್ಯ ತಂದರು. ಮರುವರ್ಷ ಅದರ ಜೋಡಿಯಾಗಿ ಬೇಸ್‌ಮನ್ ಎಂಬ ಆ್ಯಂಪ್ ಬಂತು. ಮೊದಲು ಅದರೊಳಗೆ 15 ಇಂಚಿನ ಒಂದೇ ಸ್ಪೀಕರ್ ಇತ್ತು. ದಶಕದ ನಡುವಿಗೆ ಬರುವಷ್ಟರಲ್ಲಿ ಆ ಜಾಗಕ್ಕೆ 10 ಇಂಚಿನ ನಾಲ್ಕು ಬಂದವು. ಈ ಪೆಟ್ಟಿಗೆಯನ್ನು ಬೇಸ್ ನುಡಿಸುವವರಿಗಿಂತ ಗಿಟಾರಿನವರೇ ಹೆಚ್ಚು ಹಚ್ಚಿಕೊಂಡರು. ಷಿಕಾಗೋ ಬ್ಲೂಸ್‌ನ ಬಡ್ಡಿ ಗೈ ನುಡಿಸಿದ್ದು ಇದರಲ್ಲೇ. ಇಷ್ಟೆಲ್ಲ ಆದಮೇಲೂ ಇವತ್ತು ಅಂಗಡಿಗೆ ಹೋಗಿ ಎರಡಕ್ಕೂ ಆಗುವ ಒಂದು ಆ್ಯಂಪ್ ಬೇಕೆಂದರೆ, ಮಾರುವವರು ಎರಡು ಬೇರೆ ಬೇರೆ ಸಾಲುಗಳತ್ತ ಕೈ ತೋರಿಸುತ್ತಾರೆ.

ಕೇಳುವವರು ಕಡಿಮೆಯಿಲ್ಲ. ಎರಡೂ ವಾದ್ಯ ನುಡಿಸುವ ಒಬ್ಬರೇ ಇರಬಹುದು. ಅಣ್ಣನಿಗೆ ಗಿಟಾರ್, ತಂಗಿಗೆ ಬೇಸ್ ಇರುವ ಮನೆಯಾಗಬಹುದು. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಹಾಡು ಕಟ್ಟುವ ಹುಡುಗನೂ ಇದನ್ನೇ ಕೇಳುತ್ತಾನೆ. ದುಡ್ಡು, ಜಾಗ, ಪಕ್ಕದ ಮನೆಯವರ ತಾಳ್ಮೆ, ಮೂರೂ ಒಂದೇ ಪೆಟ್ಟಿಗೆ ಸಾಕು ಎನ್ನುತ್ತವೆ. ಸಾಕೇ ಎಂಬ ಪ್ರಶ್ನೆಗೆ ಎಪ್ಪತ್ತು ವರ್ಷಗಳಲ್ಲಿ ಬೇರೆ ಬೇರೆ ಪಂಥಗಳು ಹುಟ್ಟಿಕೊಂಡಿವೆ. ಒಂದೊಂದೂ ಸಮಸ್ಯೆಯ ಒಂದೊಂದು ಮೂಲೆಯನ್ನು ಚೆನ್ನಾಗಿಯೇ ಬೆಳಗುತ್ತದೆ. ಉಳಿದ ಮೂಲೆಗಳನ್ನು ಕತ್ತಲಲ್ಲಿ ಬಿಡುತ್ತದೆ.

ಒಂದೇ ಮನೆಯಿಂದ ಹೊರಟ ಇಬ್ಬರು

ಆರಂಭದ ದಿನಗಳಲ್ಲಿ ಈ ಭೇದವೇ ಇರಲಿಲ್ಲ. ಆ್ಯಂಪ್ ಅಂದರೆ ಆ್ಯಂಪ್, ಅಷ್ಟೆ. ಒಂದೇ ಪೆಟ್ಟಿಗೆಯ ಎರಡು ಮೂರು ಸಾಕೆಟ್ಟುಗಳಿಗೆ ಗಿಟಾರ್, ಅಕಾರ್ಡಿಯನ್, ಹಾಡುವವರ ಮೈಕು ಎಲ್ಲವನ್ನೂ ಸಿಕ್ಕಿಸುತ್ತಿದ್ದರು. ಬೇಸಿಗೆ ಬೇರೆ ಪೆಟ್ಟಿಗೆ ಬೇಕು ಎಂಬ ಹಟ ಬಲವಾಗಿ ಕಂಡದ್ದು ಎವರೆಟ್ ಹಲ್ ಅವರಲ್ಲಿ. ಅವರು ನಿಂತು ನುಡಿಸುವ ದೊಡ್ಡ ಡಬಲ್ ಬೇಸಿನ ವಾದಕರು. ಆ ವಾದ್ಯ ನೆಲಕ್ಕೆ ಊರುವ ಗೂಟದೊಳಗೇ ಒಂದು ಪಿಕಪ್ ಇಟ್ಟು ದನಿ ಹೆಚ್ಚಿಸುವ ಉಪಾಯ ಮಾಡಿದರು. ಇಂಗ್ಲಿಷಿನಲ್ಲಿ ಪೆಗ್ ಎನಿಸುವ ಆ ಗೂಟವೇ ಅವರ ಕಂಪನಿಗೆ ಆ್ಯಂಪೆಗ್ ಎಂಬ ಹೆಸರು ಕೊಟ್ಟಿತು. ಹಲ್ ಅವರಿಗೆ ದನಿ ಒಡೆಯುವುದೆಂದರೆ ಸಿಟ್ಟು, ರಾಕ್ ಸಂಗೀತವೆಂದರೆ ಇನ್ನೂ ಸಿಟ್ಟು. 1960ರಲ್ಲಿ ಅವರ ಕಂಪನಿಯ ಜೆಸ್ ಆಲಿವರ್ ರೂಪಿಸಿದ ಬಿ-15 ಪೋರ್ಟಾಫ್ಲೆಕ್ಸ್ ಆ ಸಿಟ್ಟಿನ ಫಲ ಎನ್ನಬಹುದು: ಹಿಂಬದಿ ಮುಚ್ಚಿದ ಕ್ಯಾಬಿನೆಟ್, 15 ಇಂಚಿನ ಒಂದು ಸ್ಪೀಕರ್, ದುಂಡನೆಯ ಶುಭ್ರ ದನಿ.

ಲಂಡನ್ನಿನಲ್ಲಿ ಕಥೆ ಇನ್ನೊಂದು ದಿಕ್ಕಿಗೆ ಹೊರಳಿತು. ಡ್ರಮ್ಸ್ ಕಲಿಸುತ್ತ ಹಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮತ್ತು ಜೊತೆಗಾರರು 1962–63ರಲ್ಲಿ ಒಂದು ಆ್ಯಂಪ್ ಕಟ್ಟಿದರು. ಮುಂದೆ ಇಟ್ಟುಕೊಂಡ ಮಾದರಿ ಅದೇ ಬೇಸ್‌ಮನ್, 5ಎಫ್6-ಎ ಎಂಬ ಸರ್ಕ್ಯೂಟ್. ವಾಲ್ವುಗಳು ಬದಲಾದವು, ತೆರೆದ ಬೆನ್ನಿನ ಪೆಟ್ಟಿಗೆಯ ಬದಲು 12 ಇಂಚಿನ ನಾಲ್ಕು ಸ್ಪೀಕರುಗಳ ಮುಚ್ಚಿದ ಕ್ಯಾಬಿನೆಟ್ ಬಂತು. ಜೆಟಿಎಂ45 ಎಂಬ ಆ ಆ್ಯಂಪಿನಿಂದಲೇ ರಾಕ್ ಗಿಟಾರಿನ ಮಾರ್ಷಲ್ ವಂಶ ಬೆಳೆಯಿತು. ಮುಂದೆ ಆ ಕಂಪನಿ ಗಿಟಾರಿಗೆ ಸೂಪರ್ ಲೀಡ್, ಬೇಸಿಗೆ ಸೂಪರ್ ಬೇಸ್ ಎಂದು 100 ವ್ಯಾಟಿನ ಎರಡು ಹೆಡ್, ಅಂದರೆ ಸ್ಪೀಕರಿಲ್ಲದ ಆ್ಯಂಪ್, ಮಾರಿತು. ಮುಚ್ಚಳ ತೆಗೆದು ನೋಡಿದರೆ ಎರಡಕ್ಕೂ ಇರುವ ವ್ಯತ್ಯಾಸ ಕೆಲವೇ ಕೆಪಾಸಿಟರ್, ರೆಸಿಸ್ಟರುಗಳದ್ದು.

ಗಡಿ ದಾಟಾಟ ಅಲ್ಲಿಗೆ ನಿಲ್ಲಲಿಲ್ಲ. 1969ರಲ್ಲಿ ಆ್ಯಂಪೆಗ್ 300 ವ್ಯಾಟಿನ ಎಸ್‌ವಿಟಿ ಹೊರತಂದಿತು. ಬೇಸಿಗಾಗಿ ಮಾಡಿದ, ಹೆಡ್ ಒಂದೇ 35 ಕಿಲೋ ದಾಟುವ ಯಂತ್ರ. ಅದೇ ವರ್ಷ ಅಮೆರಿಕ ಪ್ರವಾಸದಲ್ಲಿದ್ದ ರೋಲಿಂಗ್ ಸ್ಟೋನ್ಸ್ ಬೇಸಿಗಷ್ಟೇ ಅಲ್ಲ, ಗಿಟಾರಿಗೂ ಅದನ್ನೇ ಬಳಸಿದರು. ಮೋಟರ್‌ಹೆಡ್‌ನ ಲೆಮ್ಮಿ ಮಾರ್ಷಲ್ ಸೂಪರ್ ಬೇಸಿನಲ್ಲಿ ಬೇಸ್ ನಾಬನ್ನು ಪೂರ್ತಿ ಇಳಿಸಿ, ಮಿಡ್ ಏರಿಸಿ, ಬೇಸ್ ವಾದ್ಯದಿಂದ ಗಿಟಾರಿನಂಥ ಗರ್ಜನೆ ತೆಗೆದರು. ಕೆನಡಾದ ಟ್ರೇನರ್ ಕಂಪನಿಯ ಬೇಸ್ ಮಾಸ್ಟರ್ ಅಗ್ಗದ ಮಾರ್ಷಲ್ ಎಂದೇ ಗಿಟಾರಿನವರಲ್ಲಿ ಹೆಸರಾಯಿತು. ಹೀಗೆ ಇತಿಹಾಸ ನೋಡಿದರೆ "ಎರಡಕ್ಕೂ ಒಂದೇ" ಎನ್ನುವವರ ಬಳಿ ಸಾಕ್ಷಿ ರಾಶಿ ಬಿದ್ದಿದೆ. ಆದರೆ ಆ ಸಾಕ್ಷಿಗಳಲ್ಲಿ ಬಹುಪಾಲು ಹೆಡ್‌ನ ಬಗ್ಗೆ, ಅಂದರೆ ವಿದ್ಯುತ್ತಿನ ಭಾಗದ ಬಗ್ಗೆ. ಜಗಳ ಇರುವುದು ಸ್ಪೀಕರಿನಲ್ಲಿ.

ಕೋನ್ ಎಷ್ಟು ದೂರ ಓಡಬೇಕು

ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸಿನ ತಗ್ಗಿನ ತಂತಿ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಸುಮಾರು 41 ಹರ್ಟ್ಸ್. ಐದು ತಂತಿಯ ಬೇಸ್ ಆದರೆ 31ಕ್ಕೆ ಇಳಿಯುತ್ತದೆ. ಒಂದು ಸ್ಥಾಯಿ ಎಂದರೆ ಕಿವಿಗೆ ಸಣ್ಣ ಮಾತು, ಸ್ಪೀಕರಿಗೆ ಅಲ್ಲ. ಅದೇ ಅಳತೆಯ ಸ್ಪೀಕರ್ ಅಷ್ಟೇ ಒತ್ತಡದ ದನಿಯನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕೆಂದರೆ ಅದರ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. ಇದು ಭೌತಶಾಸ್ತ್ರದ ನಿಯಮ. ಯಾವ ಕಂಪನಿಯೂ ರಿಯಾಯಿತಿ ಕೊಡಲಾಗದು.

ಗಿಟಾರ್ ಸ್ಪೀಕರನ್ನು ಹಾಗೆ ಓಡುವುದಕ್ಕೆ ಮಾಡಿರುವುದೇ ಇಲ್ಲ. ಹಗುರ ಕಾಗದದ ಕೋನ್, ಬಿಗಿಯಾದ ಅಂಚು, ಒಂದು ಮಿಲಿಮೀಟರಿನ ಆಸುಪಾಸಿನ ಸಲೀಸಾದ ಓಟ. ಬದಲಿಗೆ ಅದಕ್ಕೆ ಸಿಕ್ಕಿರುವ ವರ ಎಂದರೆ ಜೋರು. ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಎಂಬ ಹೆಸರಾಂತ ಸ್ಪೀಕರ್ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ದನಿ ಕೊಡುತ್ತದೆ. ಅದರ ವ್ಯಾಪ್ತಿ ಸುಮಾರು 70ರಿಂದ 5,000 ಹರ್ಟ್ಸ್. 5,000ದಾಚೆ ದನಿ ಕಡಿದು ಬೀಳುತ್ತದೆ. ಈ ಕಡಿತವೇ ಗಿಟಾರಿನ ಪ್ರಾಣ. ದನಿಯನ್ನು ಬೇಕೆಂದೇ ಒಡೆಯುವ ಓವರ್‌ಡ್ರೈವ್‌ನಲ್ಲಿ ಹುಟ್ಟುವ ಚುರುಚುರು ಸದ್ದನ್ನೆಲ್ಲ ಅದು ಸೋಸಿ ಹಾಕುತ್ತದೆ. ಆ ಸೋಸಣಿಕೆ ಇಲ್ಲದೆ ಡಿಸ್ಟಾರ್ಷನ್ ಪೆಡಲನ್ನು ಮನೆಯ ಹೈಫೈ ಸ್ಪೀಕರಿಗೆ ನೇರ ಸಿಕ್ಕಿಸಿ ಕೇಳಿದವರಿಗೆ ನಾನು ಹೇಳುವುದು ಥಟ್ಟನೆ ತಿಳಿಯುತ್ತದೆ.

ಬೇಸ್ ಸ್ಪೀಕರಿನ ಹೊಣೆ ಬೇರೆ. ಭಾರದ ಕೋನ್, ಸಡಿಲ ಅಂಚು, ಹಲವು ಮಿಲಿಮೀಟರ್ ಓಟ, ಹಿಂಬದಿ ಮುಚ್ಚಿದ ಅಥವಾ ಲೆಕ್ಕ ಹಾಕಿ ರಂಧ್ರ ಬಿಟ್ಟ ಪೆಟ್ಟಿಗೆ. ಆ್ಯಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಗಿಟಾರ್ ಕಾಂಬೊಗಳ ಬೆನ್ನು ಸಾಮಾನ್ಯವಾಗಿ ತೆರೆದಿರುತ್ತದೆ. ಕೋನಿನ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ತಗ್ಗಿನ ಸ್ವರಗಳಲ್ಲಿ ಕೊಂದು ಹಾಕುತ್ತದೆ. ಬೇಸಿಗೆ ಆಧಾರ ಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ.

ಇನ್ನು ಕಿವಿಯ ಪಕ್ಷಪಾತ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ, ತಗ್ಗಿನ ಸ್ವರ ನಡು ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ ಅದಕ್ಕೆ ಎಷ್ಟೋ ಪಾಲು ಹೆಚ್ಚು ಒತ್ತಡ ಬೇಕು. ಒಂದು ಬ್ಯಾಂಡಿನಲ್ಲಿ 30 ವ್ಯಾಟಿನ ವಾಲ್ವ್ ಗಿಟಾರ್ ಆ್ಯಂಪಿನ ಪಕ್ಕ ಬೇಸಿನವರು 300 ವ್ಯಾಟ್ ಇಟ್ಟುಕೊಂಡು ಕೂರುವುದು ಹೆಚ್ಚುಗಾರಿಕೆಯಲ್ಲ, ಕಿವಿಯ ಸುಂಕ. ವ್ಯಾಟ್ ಇಮ್ಮಡಿಯಾದರೆ ಸಿಗುವುದು ಬರೀ ಮೂರು ಡೆಸಿಬಲ್ ಎಂಬುದನ್ನೂ ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ಇಲ್ಲೇ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಗಿಟಾರ್ ಆ್ಯಂಪಿಗೆ ಬೇಸ್ ಸಿಕ್ಕಿಸಿದರೆ ಆ್ಯಂಪ್ ಸುಟ್ಟುಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಆ್ಯಂಪಿನ ಸರ್ಕ್ಯೂಟಿಗೆ ಬೇಸ್ ಸಿಗ್ನಲ್ ವಿಷವೇನಲ್ಲ. ಪೆಟ್ಟು ಬೀಳುವುದು ಸ್ಪೀಕರಿಗೆ, ಅದೂ ವಾಲ್ಯೂಮ್ ಏರಿದಾಗ. ಸ್ಪೀಕರಿನ ಬೆನ್ನ ಮೇಲೆ "60 ವ್ಯಾಟ್" ಎಂದು ಬರೆದಿರುವುದು ಅದರ ವಾಯ್ಸ್ ಕಾಯಿಲ್ ತಾಳುವ ಶಾಖದ ಮಿತಿ. ತಗ್ಗಿನ ಸ್ವರದಲ್ಲಿ ಕೋನ್ ತನ್ನ ಓಟದ ಮಿತಿಯನ್ನು ಆ ವ್ಯಾಟಿಗೆ ಎಷ್ಟೋ ಮೊದಲೇ ಮುಟ್ಟಿಬಿಡುತ್ತದೆ. ಹಾಗಾಗಿ 15 ವ್ಯಾಟಿನ ಆ್ಯಂಪ್, 60 ವ್ಯಾಟಿನ ಸ್ಪೀಕರ್, ಆದ್ದರಿಂದ ನಿಶ್ಚಿಂತೆ ಎಂಬ ಲೆಕ್ಕ ಬೇಸಿಗೆ ಪೂರ್ತಿ ಹೊಂದುವುದಿಲ್ಲ.

ಬೇಸ್ ಆ್ಯಂಪ್ ಕೊಳ್ಳಿ ಎನ್ನುವವರು

ಮೇಲಿನ ಲೆಕ್ಕ ಒಪ್ಪಿದವರು ಸಹಜವಾಗಿ ಇಲ್ಲಿಗೆ ಬಂದು ನಿಲ್ಲುತ್ತಾರೆ. ಬೇಸನ್ನು ತಾಳುವ ಸ್ಪೀಕರ್ ಗಿಟಾರನ್ನೂ ತಾಳುತ್ತದೆ, ತಿರುಗಾಮುರುಗಾ ಆಗುವುದಿಲ್ಲ. ಆದ್ದರಿಂದ ಬೇಸ್ ಆ್ಯಂಪ್ ತಂದು ಗಿಟಾರಿಗೆ ಬೇಕಾದ ಬಣ್ಣವನ್ನು ಪೆಡಲಿನಿಂದ ಹಚ್ಚಿಕೊಳ್ಳಿ ಎಂಬುದು ಅವರ ಸಲಹೆ. ಸುರಕ್ಷತೆಯ ದೃಷ್ಟಿಯಿಂದ ಇದಕ್ಕೆ ಎದುರು ಮಾತಿಲ್ಲ. ಶುಭ್ರ ದನಿ ಬಯಸುವ ಜಾಝ್ ಗಿಟಾರಿನವರಿಗಂತೂ ಬೇಸ್ ಕಾಂಬೊ ಚೆನ್ನಾಗಿಯೇ ಒಗ್ಗುತ್ತದೆ. ದನಿ ಒಡೆಯದೆ ಎಷ್ಟು ದೂರ ಬೇಕಾದರೂ ಹೋಗುತ್ತದೆ.

ತೊಂದರೆ ಬರುವುದು ರಾಕ್, ಬ್ಲೂಸ್ ಕಡೆ. ಬೇಸ್‌ಮನ್ ಗಿಟಾರಿನವರಿಗೆ ಇಷ್ಟವಾದದ್ದೇಕೆ ಎಂದು ಕೇಳಿಕೊಂಡರೆ ಈ ಪಂಥದ ದೌರ್ಬಲ್ಯ ತಿಳಿಯುತ್ತದೆ. ಆ ಆ್ಯಂಪ್ ಬೇಸಿನ ಕೆಲಸದಲ್ಲಿ ಅರ್ಧ ಸೋತಿತ್ತು. ಒತ್ತಿದರೆ ಒಡೆಯುತ್ತಿತ್ತು, ವಾಲ್ವುಗಳು ಉಸಿರುಗಟ್ಟಿ ದನಿಯನ್ನು ಹಿಂಡುತ್ತಿದ್ದವು, ಕೋನುಗಳು ನರಳುತ್ತಿದ್ದವು. ಆ ಸೋಲೇ ಗಿಟಾರಿನ ಸಂಪತ್ತಾಯಿತು. ಅಲ್ಲಿಂದೀಚೆ ಬೇಸ್ ಆ್ಯಂಪ್ ಮಾಡುವವರು ಎವರೆಟ್ ಹಲ್ ಅವರ ದಾರಿ ಹಿಡಿದು ಆ ಸೋಲನ್ನೆಲ್ಲ ಸರಿಪಡಿಸಿದ್ದಾರೆ. ಇಂದಿನ ಕ್ಲಾಸ್ ಡಿ ಬೇಸ್ ಹೆಡ್ ಎರಡು ಮೂರು ಕಿಲೋ ತೂಗುತ್ತದೆ, ಐನೂರು ವ್ಯಾಟ್ ಕೊಡುತ್ತದೆ, ಮಿಸುಕಾಡುವುದಿಲ್ಲ. ಅದಕ್ಕೆ ಗಿಟಾರ್ ಸಿಕ್ಕಿಸಿದರೆ ಕೇಳುವುದು ಗಿಟಾರಿನ ಸರಿಯಾದ ವರದಿ, ಗಿಟಾರಿನ ದನಿ ಅಲ್ಲ. ಹಳೆಯ ಬೇಸ್‌ಮನ್ ಉದಾಹರಣೆ ಕೊಟ್ಟು ಹೊಸ ಬೇಸ್ ಕಾಂಬೊ ಕೊಳ್ಳಿ ಎನ್ನುವವರು ಈ ಎರಡರ ನಡುವಿನ ಅರುವತ್ತು ಎಪ್ಪತ್ತು ವರ್ಷಗಳ ರಿಪೇರಿಯನ್ನು ಮರೆಯುತ್ತಾರೆ.

ಪರಿಹಾರ ಇಲ್ಲದಿಲ್ಲ. ಟೆಕ್ 21 ಕಂಪನಿ 1989ರಲ್ಲಿ ತಂದ ಸಾನ್ಸ್‌ಆ್ಯಂಪ್ ಪೆಡಲ್ ವಾಲ್ವ್ ಆ್ಯಂಪಿನ ಒಡೆತವನ್ನೂ ಸ್ಪೀಕರಿನ ಕಡಿತವನ್ನೂ ಅನಲಾಗ್ ಸರ್ಕ್ಯೂಟಿನಲ್ಲೇ ಅನುಕರಿಸಿತು. ಈಗ ಅಂಥವು ಹಲವಾರಿವೆ. ಬೇಸ್ ಕ್ಯಾಬಿನೆಟ್ಟಿನಲ್ಲಿ ಟ್ವೀಟರ್ ಇದ್ದರೆ ಗಿಟಾರ್ ನುಡಿಸುವಾಗ ಅದನ್ನು ಆರಿಸಬೇಕು; ಅನೇಕ ಕ್ಯಾಬಿನೆಟ್ಟುಗಳ ಹಿಂದೆ ಅದಕ್ಕೊಂದು ಸ್ವಿಚ್ಚೋ ನಾಬೋ ಇರುತ್ತದೆ. ಇಷ್ಟು ಮಾಡಿದರೆ ಸಿಗುವುದು ಒಪ್ಪಬಹುದಾದ ಗಿಟಾರ್ ದನಿ. ಬೇಸ್ ಮುಖ್ಯ, ಗಿಟಾರ್ ಆಗೀಗ ಎನ್ನುವವರಿಗೆ ನನ್ನ ಮತವೂ ಇದಕ್ಕೇ.

ಗಿಟಾರ್ ಆ್ಯಂಪಿನಲ್ಲೇ ಬೇಸ್

ಎದುರು ಪಂಥದವರು ಸುರಕ್ಷತೆಯ ಮಾತನ್ನು ಒಂದೇ ಏಟಿಗೆ ಬದಿಗಿಡುತ್ತಾರೆ: ಮೆಲ್ಲಗೆ ನುಡಿಸಿದರೆ ಏನಾಗುತ್ತದೆ? ಮಲಗುವ ಕೋಣೆಯ ವಾಲ್ಯೂಮಿನಲ್ಲಿ ಏನೂ ಆಗುವುದಿಲ್ಲ ಎಂಬುದು ನಿಜ. ಸ್ಟುಡಿಯೋಗಳಲ್ಲಿ ಸಣ್ಣ ವಾಲ್ವ್ ಗಿಟಾರ್ ಆ್ಯಂಪಿಗೆ ಬೇಸ್ ಸಿಕ್ಕಿಸಿ ಮೈಕು ಇಟ್ಟು ರೆಕಾರ್ಡ್ ಮಾಡುವುದೂ ಹಳೆಯ ರೂಢಿ. ಜೊತೆಗೆ ನೇರ ಸಿಗ್ನಲ್ ಒಂದನ್ನು, ವಾದ್ಯವನ್ನು ಆ್ಯಂಪಿಲ್ಲದೆ ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸಿನಿಂದ ತೆಗೆದುಕೊಂಡಿರುತ್ತಾರೆ. ಮೊದಲನೆಯದು ಒರಟುತನ ಕೊಡುತ್ತದೆ, ಎರಡನೆಯದು ಬುಡ ಕೊಡುತ್ತದೆ. ಬ್ರಿಟನ್ನಿನ ರಾಯಲ್ ಬ್ಲಡ್ ಎಂಬ ಇಬ್ಬರ ಬ್ಯಾಂಡಿನಲ್ಲಿ ಗಿಟಾರೇ ಇಲ್ಲ. ಮೈಕ್ ಕೆರ್ ತಮ್ಮ ಬೇಸನ್ನು ಸೀಳಿ ಗಿಟಾರ್ ಆ್ಯಂಪಿಗೂ ಬೇಸ್ ಆ್ಯಂಪಿಗೂ ಕಳಿಸುತ್ತಾರೆ.

41 ಹರ್ಟ್ಸನ್ನೇ ಹೊರಡಿಸದ ಸ್ಪೀಕರಿನಲ್ಲಿ ಬೇಸಿನ ಸ್ವರ ಹೇಗೆ ಕೇಳುತ್ತದೆ ಎಂಬ ಪ್ರಶ್ನೆಗೆ ಈ ಪಂಥ ಕೊಡುವ ವಿವರಣೆ ನನಗೆ ಬಹಳ ಹಿಡಿಸುತ್ತದೆ. ಮೀಟಿದ ತಂತಿ ತನ್ನ ಮೂಲ ಸ್ವರವೊಂದನ್ನೇ ನುಡಿಯುವುದಿಲ್ಲ. ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಉಪಸ್ವರಗಳನ್ನೂ ನುಡಿಯುತ್ತದೆ. ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿ ಹೊಮ್ಮುವ ಗಾಂಧಾರ ಆ ಐದು ಪಟ್ಟಿನ ಉಪಸ್ವರವೇ. ಬೇಸಿನ ತಗ್ಗಿನ ತಂತಿಯಲ್ಲಿ 82, 123, 165 ಹರ್ಟ್ಸುಗಳು ಗಟ್ಟಿಯಾಗಿ ಇರುತ್ತವೆ. ಅವಷ್ಟೇ ಕಿವಿಗೆ ಬಿದ್ದರೂ ಅವುಗಳ ನಡುವಿನ ಅಂತರ ಹಿಡಿದು ಮಿದುಳು 41ರ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಂಗೈಯಗಲದ ರೇಡಿಯೋದಲ್ಲೂ ಹಾಡಿನ ಬೇಸ್ ಸಾಲು ಗುರುತಾಗುವುದು ಇದೇ ಕಾರಣಕ್ಕೆ. ಸ್ವರ ಗುರುತಾಗುತ್ತದೆ ಎಂಬುದು ಸರಿ. ಎದೆಗೆ ತಟ್ಟುವುದಿಲ್ಲ ಎಂಬುದೂ ಸರಿ. ಡ್ರಮ್ಸ್ ಪಕ್ಕದಲ್ಲಿ ನಿಂತು ಈ ಪ್ರಯೋಗ ಮಾಡಿದರೆ ಮೊದಲು ದನಿ ಮುಳುಗುತ್ತದೆ. ವಾಲ್ಯೂಮ್ ಏರಿಸಿದರೆ ಕೋನ್ ಪಟಪಟ ಎನ್ನತೊಡಗುತ್ತದೆ. ಆ ಸದ್ದು ಕೇಳಿದ ಕೂಡಲೇ ಕೈ ನಿಲ್ಲಿಸುವುದು ಒಳ್ಳೆಯದು.

ಹೆಡ್ ಒಂದು, ಕ್ಯಾಬಿನೆಟ್ ಎರಡು

ಜಗಳ ಸ್ಪೀಕರಿನದ್ದೇ ಆದರೆ ಸ್ಪೀಕರನ್ನು ಮಾತ್ರ ಬೇರೆ ಮಾಡಿ ಎನ್ನುವ ಮೂರನೆಯವರು ಇದ್ದಾರೆ. ಇತಿಹಾಸ ಅವರ ಕಡೆ ಗಟ್ಟಿಯಾಗಿದೆ. ಫೆಂಡರ್ 1960ರ ಕೊನೆಗೆ ಬೇಸ್‌ಮನ್ ಹೆಡ್ಡನ್ನು ಸ್ಪೀಕರಿನಿಂದ ಬೇರ್ಪಡಿಸಿದ ಮೇಲೆ, ಬ್ರಯಾನ್ ಸೆಟ್ಜರ್ ಅಂಥವರು ಆ ಹೆಡ್ಡನ್ನು 12 ಇಂಚಿನ ಗಿಟಾರ್ ಸ್ಪೀಕರುಗಳಿಗೆ ಕಟ್ಟಿ ನುಡಿಸಿದರು. ಕಿಂಗ್ಸ್‌ಮೆನ್ ಬ್ಯಾಂಡಿನ ಬೇಸ್ ವಾದಕ ನಾರ್ಮ್ ಸುಂಡ್‌ಹೋಮ್ ಅವರ ಅಗತ್ಯದಿಂದ ಹುಟ್ಟಿದ ಸನ್ ಕಂಪನಿಯ ಮಾಡೆಲ್ ಟಿ ಹೆಡ್ ಇವತ್ತಿಗೂ ಭಾರವಾದ, ನಿಧಾನಗತಿಯ ರಾಕ್‌ನಲ್ಲಿ ಎರಡೂ ವಾದ್ಯಗಳವರಿಗೆ ಬೇಕಾದದ್ದು.

ತಾಂತ್ರಿಕವಾಗಿ ಇದು ಅತ್ಯಂತ ಪ್ರಾಮಾಣಿಕ ಉತ್ತರ ಎಂದು ನನಗನಿಸುತ್ತದೆ. ಕೊಳ್ಳುವವರ ದೃಷ್ಟಿಯಿಂದ ಅಷ್ಟಲ್ಲ. ಒಂದೇ ಪೆಟ್ಟಿಗೆ ಬೇಕೆಂದು ಹೊರಟವರ ಮನೆಗೆ ಮೂರು ಪೆಟ್ಟಿಗೆ ಬಂದು ಕೂರುತ್ತವೆ. ವಾಲ್ವ್ ಹೆಡ್ ಆದರೆ ಕ್ಯಾಬಿನೆಟ್ಟಿನ ಓಮ್ ಲೆಕ್ಕ ಹೊಂದಿಸಬೇಕು. ಸ್ಪೀಕರ್ ಸಿಕ್ಕಿಸದೆ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುವ ಅಪಾಯ. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಹಳೆಯ ಹೆಡ್ ಆದರೆ ಅದು 120 ವೋಲ್ಟಿನದ್ದು. ನಮ್ಮ 230 ವೋಲ್ಟಿಗೆ ನಡುವೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ತಗ್ಗಿನ ಸ್ವರ ದಾಟಿಸಲು ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣ ಹೆಚ್ಚು ಬೇಕು, ಅದಕ್ಕೇ ಒಳ್ಳೆಯ ವಾಲ್ವ್ ಬೇಸ್ ಹೆಡ್ ಎತ್ತಲು ಇಬ್ಬರು ಬೇಕು.

ಬಣ್ಣವಿಲ್ಲದ ಸ್ಪೀಕರ್, ಸಾಫ್ಟ್‌ವೇರಿನ ಬಣ್ಣ

ಕಳೆದ ಕಾಲು ಶತಮಾನದಲ್ಲಿ ಚರ್ಚೆಯ ನೆಲವನ್ನೇ ಅಲುಗಾಡಿಸಿದ್ದು ನಾಲ್ಕನೆಯ ಪಂಥ. ಅವರ ವಾದ ಸರಳ. ಸ್ಪೀಕರ್ ಏನನ್ನೂ ಸೇರಿಸದೆ, ಏನನ್ನೂ ಕಳೆಯದೆ ದನಿ ಹೊರಡಿಸಲಿ. ಗಿಟಾರ್ ಆ್ಯಂಪ್, ಬೇಸ್ ಆ್ಯಂಪ್, ಅವುಗಳ ಕ್ಯಾಬಿನೆಟ್, ಮುಂದಿಟ್ಟ ಮೈಕು ಎಲ್ಲವನ್ನೂ ಕಂಪ್ಯೂಟರ್ ಲೆಕ್ಕ ಹಾಕಲಿ. ಲೈನ್ 6 ಕಂಪನಿಯ ಪಾಡ್ 1998ರಲ್ಲಿ ಬಂದಾಗ ಇದು ಆಟಿಕೆಯಂತಿತ್ತು. ಆಮೇಲೆ ಆ್ಯಕ್ಸ್-ಎಫ್‌ಎಕ್ಸ್, ನಿಜವಾದ ಆ್ಯಂಪನ್ನು ಅಳೆದು ಪ್ರತಿ ತೆಗೆಯುವ ಕೆಂಪರ್, 2015ರ ಹೀಲಿಕ್ಸ್ ಬಂದವು. ಈಗ ನ್ಯೂರಲ್ ಆ್ಯಂಪ್ ಮಾಡೆಲರ್ ಎಂಬ ಮುಕ್ತ ತಂತ್ರಾಂಶ ಯಾವುದೇ ಆ್ಯಂಪಿನ ನಡತೆಯನ್ನು ಕಲಿತು ಪುಕ್ಕಟೆಯಾಗಿ ಒದಗಿಸುತ್ತದೆ. ಇವುಗಳ ಮುಂದೆ ಪೂರ್ಣ ವ್ಯಾಪ್ತಿಯ ಸಮತಟ್ಟು ಸ್ಪೀಕರ್, ಎಫ್‌ಆರ್‌ಎಫ್‌ಆರ್ ಎಂದು ಕರೆಯುವಂಥದ್ದು, ಇಟ್ಟರೆ ಮುಗಿಯಿತು. ಗಿಟಾರಿನ ಮಾದರಿ ಒತ್ತಿದರೆ ಗಿಟಾರ್, ಬೇಸಿನದ್ದು ಒತ್ತಿದರೆ ಬೇಸ್.

ಮನೆಯ ಮಟ್ಟದಲ್ಲಿ ಇದೇ ತತ್ವ ಸಣ್ಣ ಪೆಟ್ಟಿಗೆಗಳಾಗಿ ಬಂದಿದೆ. ಯಮಾಹಾ ಟಿಎಚ್‌ಆರ್10ರಲ್ಲಿ ಗಿಟಾರಿನ ಮಾದರಿಗಳ ಪಕ್ಕದಲ್ಲೇ ಬೇಸ್ ಎಂಬ ಸ್ಥಾನವೂ ಇದೆ. ಪಾಸಿಟಿವ್ ಗ್ರಿಡ್‌ನ ಸ್ಪಾರ್ಕ್ 4 ಇಂಚಿನ ಎರಡು ಸ್ಪೀಕರುಗಳಲ್ಲಿ ಎರಡೂ ವಾದ್ಯಗಳಿಗೆ ಜಾಗ ಕೊಡುತ್ತದೆ. ಕಲಿಯುವವರಿಗೆ, ಫ್ಲ್ಯಾಟಿನಲ್ಲಿ ಇರುವವರಿಗೆ, ರೆಕಾರ್ಡ್ ಮಾಡುವವರಿಗೆ ಇಂಥದ್ದೊಂದು ಸಾಕು ಎನ್ನುವುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಇವುಗಳನ್ನು ಡ್ರಮ್ಸ್ ಪಕ್ಕ ಇಟ್ಟು ಬೇಸ್ ನುಡಿಸುತ್ತೇನೆ ಎನ್ನುವವರಿಗೆ ಮಾತ್ರ ಕೋನಿನ ಓಟದ ಲೆಕ್ಕ ಮತ್ತೆ ನೆನಪಿಸಬೇಕಾಗುತ್ತದೆ. ಸಾಫ್ಟ್‌ವೇರ್ ದನಿಯ ಬಣ್ಣ ಬದಲಿಸಬಲ್ಲದು, ಗಾಳಿ ತಳ್ಳಲಾರದು.

ಕಂಪನಿಗಳೂ ಈ ಗಡಿಯನ್ನು ಅಳಿಸಲು ಅಷ್ಟೇನೂ ಆತುರ ತೋರಿಲ್ಲ. ಪಾಡ್ ಜೊತೆಗೆ ಬೇಸ್ ಪಾಡ್ ಬೇರೆಯೇ ಬಂತು. ಬಾಸ್ ಕಂಪನಿಯ ಕಟಾನಾ ಗಿಟಾರಿಗೊಂದು, ಬೇಸಿಗೊಂದು. ರೋಲ್ಯಾಂಡ್ ಮೈಕ್ರೋ ಕ್ಯೂಬ್ ಕೂಡ ಹಾಗೇ. ಇದರಲ್ಲಿ ಸ್ಪೀಕರಿನ ನಿಜವಾದ ಕಾರಣ ಎಷ್ಟು, ಎರಡು ಪೆಟ್ಟಿಗೆ ಮಾರುವ ಆಸೆ ಎಷ್ಟು ಎಂದು ಓದುಗರೇ ಅಳೆದುಕೊಳ್ಳಲಿ.

ಕೀಬೋರ್ಡ್ ಆ್ಯಂಪ್ ಕೊಳ್ಳಿ ಎಂಬ ಹಳೆಯ ಸಲಹೆಯೂ ಈ ಪಂಥದ ಅಜ್ಜನೇ. ಕೀಬೋರ್ಡ್ ಮೇಲಿಂದ ಕೆಳಗಿನವರೆಗೆ ಎಲ್ಲ ಸ್ವರ ನುಡಿಯುವುದರಿಂದ ಅದರ ಆ್ಯಂಪ್ ಸಮತಟ್ಟಾಗಿರಬೇಕು. ಬೇಸ್ ಸಲೀಸಾಗಿ ಹೋಗುತ್ತದೆ, ಗಿಟಾರಿಗೆ ಕ್ಯಾಬಿನೆಟ್ ಅನುಕರಿಸುವ ಪೆಡಲ್ ಬೇಕು. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿಲ್ಲ.

ಆ್ಯಂಪೇ ಬೇಡ ಎನ್ನುವವರು

ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್‌ಸನ್ ಅವರ ಬೇಸ್ ಬಹುತೇಕ ನೇರವಾಗಿ ಕನ್ಸೋಲಿಗೇ ಹೋಗುತ್ತಿತ್ತು. ನಮ್ಮಲ್ಲೂ ಈ ದಾರಿ ಹೊಸದಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್, ಬೇಸ್, ಕೀಬೋರ್ಡ್ ಎಲ್ಲ ಒಂದೇ ಮಿಕ್ಸರಿಗೆ ಸೇರಿ ಬಾಡಿಗೆ ಸ್ಪೀಕರುಗಳಿಂದ ಹೊರಬರುವುದು ಸಾಮಾನ್ಯ ನೋಟ. ಚರ್ಚುಗಳ ಬ್ಯಾಂಡಿನಲ್ಲೂ ಡಿಐ ಬಾಕ್ಸೇ ಆ್ಯಂಪ್. ಬೆಂಗಳೂರಿನಲ್ಲಿ ಗಂಟೆ ಲೆಕ್ಕಕ್ಕೆ ಸಿಗುವ ಜ್ಯಾಮ್ ರೂಮುಗಳಲ್ಲಿ ಆ್ಯಂಪುಗಳು ಮೊದಲೇ ಇರುತ್ತವೆ, ಹೊತ್ತೊಯ್ಯಬೇಕಾದದ್ದು ವಾದ್ಯ ಮತ್ತು ಪೆಡಲ್ ಮಾತ್ರ. ಹೀಗಿರುವಾಗ ಮನೆಗೆ ಹೆಡ್‌ಫೋನ್, ಹೊರಗೆ ಪಿಎ, ಅಂದರೆ ಸಭೆಯ ಸ್ಪೀಕರ್ ವ್ಯವಸ್ಥೆ, ಎಂಬ ಲೆಕ್ಕ ತಪ್ಪಲ್ಲ. ಒಂದು ಒಳ್ಳೆಯ ಹೆಡ್‌ಫೋನ್ 31 ಹರ್ಟ್ಸನ್ನೂ ನಿರಾಯಾಸ ನುಡಿಯುತ್ತದೆ. ಯಾವ ಸಣ್ಣ ಕಾಂಬೊಗೂ ಅದು ಸಾಧ್ಯವಿಲ್ಲ.

ಇಬ್ಬರೂ ಒಟ್ಟಿಗೆ ಸಿಕ್ಕಿಸಿದರೆ

ಇದುವರೆಗೆ ಒಂದು ಸಲಕ್ಕೆ ಒಂದು ವಾದ್ಯ ಎಂದುಕೊಂಡೆವು. ಎರಡು ಇನ್‌ಪುಟ್ ಇರುವ ಆ್ಯಂಪಿಗೆ ಅಣ್ಣ ತಂಗಿ ಇಬ್ಬರೂ ಏಕಕಾಲಕ್ಕೆ ಸಿಕ್ಕಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ದನಿ ಪೂರ್ತಿ ಶುಭ್ರವಾಗಿದ್ದರೆ ಸಿಕ್ಕಿಸಬಹುದು. ಆ್ಯಂಪ್ ಒಡೆಯತೊಡಗಿದ ಕ್ಷಣದಿಂದ ಎರಡು ಸ್ವರಗಳು ಒಂದರೊಳಗೊಂದು ಕಲಸಿ, ಅವುಗಳ ಮೊತ್ತ ಮತ್ತು ವ್ಯತ್ಯಾಸದ ಹೊಸ ಸ್ವರಗಳು ಹುಟ್ಟುತ್ತವೆ. ಅವು ರಾಗಕ್ಕೂ ಸೇರಿದವಲ್ಲ, ಶ್ರುತಿಗೂ ಸೇರಿದವಲ್ಲ. ಬೇಸಿನ ಒಂದೊಂದು ಗುಮ್ಮಿಗೂ ಗಿಟಾರಿನ ದನಿ ತಗ್ಗಿ ಏಳುತ್ತದೆ. ಮಿಕ್ಸರ್ ಮತ್ತು ಸಮತಟ್ಟು ಸ್ಪೀಕರ್ ಇರುವ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ಡಿಸ್ಟಾರ್ಷನ್ ಅವರವರ ಪೆಡಲಿನಲ್ಲೇ ಮುಗಿದಿರುವುದರಿಂದ ಈ ಕಾಟವಿಲ್ಲ.

ತೀರ್ಮಾನವಾಗದೆ ಉಳಿದದ್ದು

ಮನೆಯಲ್ಲಿ ಮೆಲುದನಿಗೆ ಒಂದು ಸಾಕು, ಡ್ರಮ್ಸ್ ಜೊತೆಗೆ ಬೇಸ್ ತಾಳುವ ಸ್ಪೀಕರೇ ಬೇಕು ಎಂಬಷ್ಟರ ಮಟ್ಟಿಗೆ ಪಂಥಗಳೆಲ್ಲ ಒಪ್ಪಿವೆ. ಅದರಾಚೆ ಒಪ್ಪಂದವಿಲ್ಲ.

ಗಿಟಾರ್ ಸ್ಪೀಕರ್ ಯಾವ ವಾಲ್ಯೂಮಿನವರೆಗೆ ಬೇಸನ್ನು ತಾಳುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಅಂಕಿ ಇಲ್ಲ. ಶಾಖದ ವ್ಯಾಟನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕುತ್ತಾರೆ, ಓಟದ ಮಿತಿಯನ್ನು ಹಾಗೆ ಮುಂದಿಡುವುದಿಲ್ಲ. ಕೋನಿನ ವಯಸ್ಸು, ಪೆಟ್ಟಿಗೆಯ ಬೆನ್ನು, ನುಡಿಸುವವರ ಬೆರಳಿನ ಬಿರುಸು ಎಲ್ಲ ಸೇರಿ ಮಿತಿ ಸರಿಯುತ್ತಿರುತ್ತದೆ.

ಬೇಸಿಗೆ ನಿಜಕ್ಕೂ ಎಷ್ಟು ತಗ್ಗು ಬೇಕು ಎಂಬುದೂ ಇತ್ಯರ್ಥವಾಗಿಲ್ಲ. ಎಸ್‌ವಿಟಿಯ ಹೆಸರಾಂತ ಎಂಟು ಸ್ಪೀಕರಿನ ಮುಚ್ಚಿದ ಕ್ಯಾಬಿನೆಟ್ ಕೂಡ 41 ಹರ್ಟ್ಸನ್ನು ಪೂರ್ಣ ಬಲದಿಂದ ಕೊಡುವುದಿಲ್ಲ; ಆದರೂ ರಾಕ್ ಬೇಸಿನ ದನಿ ಎಂದರೆ ಅದೇ ಎಂದು ಎರಡು ಮೂರು ತಲೆಮಾರು ಒಪ್ಪಿಕೊಂಡಿದೆ. ಮೂಲ ಸ್ವರ ಕಡಿಮೆ ಇದ್ದರೂ ನಡೆಯುತ್ತದೆ ಎಂದಮೇಲೆ, ಎಲ್ಲಿಯವರೆಗೆ ಕಡಿಮೆಯಾದರೆ ನಡೆಯುವುದಿಲ್ಲ?

ಡಿಜಿಟಲ್ ಪೆಟ್ಟಿಗೆಯ ಆಯುಸ್ಸು ಇನ್ನೊಂದು. ಆರು ದಶಕ ಹಳೆಯ ವಾಲ್ವ್ ಆ್ಯಂಪನ್ನು ಇಂದಿಗೂ ಬೆಸುಗೆ ಕಡ್ಡಿ ಹಿಡಿದು ರಿಪೇರಿ ಮಾಡುತ್ತಾರೆ. ಫೋನಿನ ಆ್ಯಪ್ ನಂಬಿ ಕೆಲಸ ಮಾಡುವ ಆ್ಯಂಪ್, ಆ ಆ್ಯಪ್ ನಿಂತ ಮೇಲೆ ಏನಾಗುತ್ತದೆ ಎಂದು ಪರೀಕ್ಷಿಸುವಷ್ಟು ಕಾಲ ಇನ್ನೂ ಕಳೆದಿಲ್ಲ.

ಎಲ್ಲಕ್ಕಿಂತ ಬಿಸಿಯಾದದ್ದು ಅನುಕರಣೆಯ ಪ್ರಶ್ನೆ. ರೆಕಾರ್ಡಿಂಗ್ ಕೇಳಿದಾಗ ಒಳ್ಳೆಯ ಮಾದರಿಯನ್ನೂ ನಿಜವಾದ ಆ್ಯಂಪನ್ನೂ ಬೇರ್ಪಡಿಸುವುದು ಈಗ ಪಳಗಿದ ಕಿವಿಗೂ ಕಷ್ಟ. ನುಡಿಸುವವರು ಮಾತ್ರ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ ಎನ್ನುತ್ತಲೇ ಇದ್ದಾರೆ. ಜೋರಾಗಿ ನುಡಿಯುವ ಸ್ಪೀಕರಿನ ಗಾಳಿ ತಂತಿಯನ್ನು ಮತ್ತೆ ಕಂಪಿಸುವಂತೆ ಮಾಡುವುದು ನಿಜ, ಅದು ಸಮತಟ್ಟು ಸ್ಪೀಕರಿನಲ್ಲೂ ಆಗಬಹುದಾದದ್ದು. ಹಾಗಾದರೆ ಅವರ ಕೈಗೆ ತಿಳಿಯುವುದು ವಾಲ್ವೇ, ಕೋನೇ, ಕೋಣೆಯೇ ಅಥವಾ ರೂಢಿಯೇ ಎಂಬುದನ್ನು ಇವರೂ ಬಿಡಿಸಿ ತೋರಿಸಿಲ್ಲ, ಇಲ್ಲವೆನ್ನುವವರೂ ತೋರಿಸಿಲ್ಲ.